ಈಗ ಏನೂ ಮಾಡುವುದು ಬೇಡ

ಜಾದವ್‌ಪುರ, ಕೋಲ್ಕತ್ತಾ
2 ಸೆಪ್ಟೆಂಬರ್ 2023

ಪ್ರೀತಿಯ ಅಹಲ್ಯಕ್ಕನಿಗೆ ಮುಕ್ತಾಳ ನಮಸ್ಕಾರ.

ನಿನಗೆ ಬರೆಯದೆ ತಿಂಗಳ ಮೇಲಾಯಿತು. ಯುನಿವರ್ಸಿಟಿಗೆ ಹೊಸ ಮಕ್ಕಳು ಸೇರುವ ಕಾಲ. ಬೆಳಿಗ್ಗೆ ಹೋಟೆಲಿನ ಷಟರ್ ಎತ್ತುವ ಮೊದಲೇ ಇಡ್ಲಿಗೆ ಬಂದು ನಿಂತಿರುತ್ತಾರೆ. ಇವರು ದೋಸೆಕಲ್ಲಿನ ಮುಂದೆ, ನಾನು ಗಲ್ಲಾದಲ್ಲಿ. ಇದರ ನಡುವೆ ಒಂದು ಸಂಗತಿಯಾಗಿದೆ. ಫೋನಿನಲ್ಲಿ ನಿನ್ನ ಕಿವಿಗೆ ಬೀಳುವಂತೆ ಹೇಳಬೇಕಾದರೆ ಹೋಟೆಲಿನಲ್ಲಿ ಕೂತವರಿಗೆಲ್ಲ ಕೇಳಿಸುತ್ತದೆ. ನಿನ್ನ ಸೊಸೆ ಐಶ್ವರ್ಯಾಳ ಮೊಬೈಲಿಗೆ ಬರೆದರೆ ಮೊದಲು ಓದುವವಳು ಅವಳೇ. ಅದಕ್ಕೇ ಯಾವತ್ತಿನಂತೆ ಕಾಗದ.

ಮಳೆಗಾಲದ ಶುರುವಿನಿಂದ ಸುಸ್ತು. ಐವತ್ತೆಂಟು ವರ್ಷವಾಯಿತು, ಸುಸ್ತಾಗದೆ ಇನ್ನೇನು ಎಂದುಕೊಂಡಿದ್ದೆ. ನಮ್ಮ ಗಲ್ಲಿಯ ಮುದಿ ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ಬಿಳಿ ರಕ್ತಕಣ ಹನ್ನೊಂದು ಸಾವಿರದೊಳಗೆ ಇರಬೇಕಂತೆ, ನನ್ನದು ಅರವತ್ತು ಸಾವಿರ ದಾಟಿತ್ತು. ಲ್ಯಾಬಿನವರು ತಪ್ಪು ಮಾಡಿದ್ದಾರೆಂದು ಇನ್ನೊಂದು ಕಡೆ ಮಾಡಿಸಿದೆವು. ಅಲ್ಲೂ ಅಷ್ಟೇ. ಆಮೇಲೆ ಇನ್ನೊಂದು ದೊಡ್ಡ ಪರೀಕ್ಷೆ. ಅದರ ರಿಪೋರ್ಟು ಮೊನ್ನೆ ಬಂತು. ಲ್ಯುಕೇಮಿಯಾ ಎಂದಿದೆ ಅಕ್ಕಾ. ಅದರ ಹಿಂದೆ ಕ್ರಾನಿಕ್ ಎಂಬ ಮಾತೂ ಇದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಭಯ ಪಾಬೇನ್ ನಾ" ಎಂದರು. ಹೆದರಬೇಡಿ ಎಂದು. ಆಗಲೇ ನನಗೆ ಹೆದರಿಕೆಯಾದದ್ದು. ಒಳ್ಳೆಯ ಸ್ಪೆಷಲಿಸ್ಟರನ್ನು ನೋಡಿ ಎಂದೂ ಹೇಳಿದರು. ಇನ್ನೂ ಏನೋ ಹೇಳುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ. ಇವರ ಕಿವಿಗೂ ಬಿದ್ದಿಲ್ಲವೆಂದು ತೋರುತ್ತದೆ.

ಸತೀಶ ಭಾವನಿಗೆ ಬಂದದ್ದೂ ಇದೇ ಅಲ್ಲವೇ? ನನ್ನ ದೀಕ್ಷಾ ಆಗ ಸಣ್ಣವಳು, ನಾನು ಬರಲಾಗಲಿಲ್ಲ. ನಿದ್ದೆಯಲ್ಲೇ ಹೋದರು ಎಂದು ನೀನು ಬರೆದಿದ್ದೆ. ಹೇಗೆ ಶುರುವಾಯಿತು, ಏನೇನಾಯಿತು, ಸ್ವಲ್ಪ ಬಿಡಿಸಿ ಬರೆ. ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗಬಹುದು.

ನಿನ್ನ
ಮುಕ್ತಾ

*

ಬ್ರಹ್ಮಾವರ
11 ಸೆಪ್ಟೆಂಬರ್ 2023

ಮುಕ್ತಾ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಕಾಗದ ಬಂದಾಗ ಮಗ ಪವನ, ಸೊಸೆ ಇಬ್ಬರೂ ಚೌತಿಯ ಸಾಮಾನಿಗೆಂದು ಉಡುಪಿಗೆ ಹೋಗಿದ್ದರು. ಒಳ್ಳೆಯದೇ ಆಯಿತು. ಓದಿ, ಮಡಚಿ, ಸೀರೆಗಳ ಅಡಿಯಲ್ಲಿ ಇಟ್ಟೆ.

ಕ್ರಾನಿಕ್ ಎಂದರೆ ಎಂತದು ಎಂದು ಪವನನನ್ನು ಕೇಳಿದೆ, ಯಾರಿಗೆ ಎಂದು ಹೇಳಲಿಲ್ಲ. ಬಹಳ ಕಾಲದಿಂದ ಇರುವುದು, ಮೈಯಲ್ಲಿ ಬೇರೂರಿದ್ದು ಎಂದ. ಹಾಗಾದರೆ ನೀನು ಎಷ್ಟು ಕಾಲದಿಂದ ಸುಮ್ಮನಿದ್ದೀ? ಈಗ ಅದನ್ನು ಕೇಳಿ ಪ್ರಯೋಜನವಿಲ್ಲ. ಮುರಾರಿಯವರಿಗೆ ಹೇಳು, ಹೋಟೆಲಿಗೆ ಬೀಗ ಹಾಕಿದರೂ ಅಡ್ಡಿಯಿಲ್ಲ. ಯಾವ ಆಸ್ಪತ್ರೆ ಮೊದಲು ಹಾಸಿಗೆ ಕೊಡುತ್ತದೋ ಅಲ್ಲಿ ಸೇರು. ಹತ್ತು ಜನರನ್ನು ಕೇಳುತ್ತಾ ಕೂರಬೇಡ. ಈ ಕಾಯಿಲೆಯಲ್ಲಿ ತಡ ಮಾಡಬಾರದು.

ಭಾವನ ವಿಷಯ ಕೇಳಿದ್ದೀ. ಹಳೆಯ ಕಥೆ. ಆಗಿನ ಆಸ್ಪತ್ರೆಗಳೇ ಬೇರೆ.

ಈ ಸಲ ಕೊಟ್ಟೆ ಕಡುಬಿಗೆ ಹಲಸಿನೆಲೆಯ ಬದಲು ಬಾಳೆಲೆ ತಂದಿದ್ದಾರೆ. ಐಶ್ವರ್ಯಾಳಿಗೆ ಎಲೆಯ ಕೊಟ್ಟೆ ಕಟ್ಟಲು ಬರುವುದಿಲ್ಲ. ಎಲ್ಲ ನಾನೇ ಮಾಡಬೇಕು.

ಅಹಲ್ಯಾ

*

ಜಾದವ್‌ಪುರ
18 ಸೆಪ್ಟೆಂಬರ್ 2023

ಅಕ್ಕಾ,

ನಿನ್ನ ಕಾಗದ ಇಂದು ಬಂತು. ನೀನು ಹೇಳುವ ಮೊದಲೇ ನಾವು ಓಡಾಡಿದ್ದೇವೆ. ಇವರ ಗಿರಾಕಿಯೊಬ್ಬರು ಒಂದು ನರ್ಸಿಂಗ್ ಹೋಮಿನ ಹೆಸರು ಹೇಳಿದರು, ದೊಡ್ಡ ಕ್ಯಾನ್ಸರ್ ಡಾಕ್ಟರು ಬರುತ್ತಾರೆಂದು. ಮಧ್ಯಾಹ್ನದಿಂದ ಕೂತು ದೀಪ ಹಚ್ಚುವ ಹೊತ್ತಿಗೆ ಒಳಗೆ ಹೋದೆವು. ಅವರು ರಿಪೋರ್ಟಿನ ಮೊದಲ ಹಾಳೆ ನೋಡಿದರು, ಎರಡನೆಯದನ್ನು ತಿರುಗಿಸಲಿಲ್ಲ. ನನ್ನ ಮೈ ಮುಟ್ಟಿ ನೋಡಲಿಲ್ಲ. "ಸೋಮವಾರ ಅಡ್ಮಿಟ್ ಆಗಿ, ಕೀಮೋ ಶುರು ಮಾಡೋಣ" ಎಂದರು. ಯಾವ ಬಗೆಯ ಕಾಯಿಲೆ ಸಾರ್ ಎಂದು ದೀಕ್ಷಾ ಕೇಳಿದಳು. "ಬ್ಲಡ್ ಕ್ಯಾನ್ಸರ್. ನಿಮಗೆ ಇನ್ನೇನು ಗೊತ್ತಾಗಬೇಕು?" ಎಂದರು. ಅಷ್ಟರಲ್ಲಿ ಮುಂದಿನವರು ಬಾಗಿಲಲ್ಲಿದ್ದರು.

ದೀಕ್ಷಾ ಆಫೀಸಿಗೆ ಹೋದರೂ ಸೆಕ್ಟರ್ ಫೈವ್‌ನಿಂದ ಗಳಿಗೆಗೊಮ್ಮೆ ಫೋನು ಮಾಡುತ್ತಾಳೆ. "ಅಮ್ಮಾ, ನೀನು ಗೂಗಲ್ ನೋಡ್ಬೇಡ, ಪ್ಲೀಸ್" ಎನ್ನುತ್ತಾಳೆ. ಅವಳು ನೋಡಿದ್ದಾಳೆ ಎಂದು ಅದರಲ್ಲೇ ತಿಳಿಯುತ್ತದೆ. ಇವರು ನಿನ್ನೆ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರು. ಗಿರಾಕಿಗಳು ಏನೂ ಹೇಳದೆ ತಿಂದು ಹೋದರು. ಅವರಿಗೂ ಗೊತ್ತಾಗಿದೆಯೋ ಏನೋ.

ಬರುವ ಸೋಮವಾರ ಸೇರಬೇಕು. ಚೀಲದಲ್ಲಿ ಎರಡು ನೈಟಿ, ಒಂದು ಟವೆಲ್, ಸೋಪು ಹಾಕಿಟ್ಟಿದ್ದೇನೆ. ಅದು ಬಾಗಿಲ ಹಿಂದೆ ಇದೆ. ಆ ಕಡೆ ನೋಡಬಾರದೆಂದರೂ ಕಣ್ಣು ಹೋಗುತ್ತದೆ.

ಭಾವನ ವಿಷಯ ನೀನು ಬರೆಯಲಿಲ್ಲ. ಹಲಸಿನೆಲೆಯ ವಿಷಯ ಬರೆದೆ. ಅಕ್ಕಾ, ನಾನು ಮತ್ತೊಮ್ಮೆ ಕೇಳುತ್ತೇನೆ. ಅವರು ಹೇಗೆ ಹೋದರು?

ಮುಕ್ತಾ

*

ಬ್ರಹ್ಮಾವರ
25 ಸೆಪ್ಟೆಂಬರ್ 2023

ಮುಕ್ತಾ,

ಇಂದು ಸೋಮವಾರ. ಈ ಹೊತ್ತಿಗೆ ನೀನು ಆಸ್ಪತ್ರೆಯಲ್ಲಿರುತ್ತೀ. ಈ ಕಾಗದವನ್ನು ಮುರಾರಿಯವರು ಅಲ್ಲಿಗೆ ತಂದುಕೊಡಲಿ.

ಧೈರ್ಯದಿಂದ ಇರು. ಔಷಧಿ ಕೊಟ್ಟಾಗ ವಾಂತಿಯಾಗುತ್ತದೆ, ಆದರೂ ಗಂಜಿ ಬಿಡಬೇಡ. ಬಾಯಿ ಹುಣ್ಣಾದರೆ ತೆಂಗಿನೆಣ್ಣೆ ಸವರು. ಕೂದಲಿನ ಬಗ್ಗೆ ಯೋಚಿಸಬೇಡ.

ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೀನು ಬೈದರೂ ಸರಿ. ನನ್ನೊಬ್ಬಳಿಂದ ಆಗಲಿಲ್ಲ.

ಇಲ್ಲಿ ಬಿಸಿಲು ಬಂದಿದೆ. ಹಪ್ಪಳ ಒಣಗಿಸುತ್ತಿದ್ದೇವೆ.

ಅಹಲ್ಯಾ

*

ಜಾದವ್‌ಪುರ
27 ಸೆಪ್ಟೆಂಬರ್ 2023

ಅಕ್ಕಾ,

ನಾನು ಆಸ್ಪತ್ರೆ ಸೇರಲಿಲ್ಲ.

ಭಾನುವಾರ ದೀಕ್ಷಾ ರಿಪೋರ್ಟು ಹಿಡಿದುಕೊಂಡು ನಮ್ಮ ಗಲ್ಲಿಯ ಡಾಕ್ಟರ ಮನೆಗೇ ಹೋದಳು. ಅವರು ಊಟಕ್ಕೆ ಕೂತಿದ್ದವರು ಕೈ ತೊಳೆದು ಎದ್ದು ಬಂದರಂತೆ. "ನಿನ್ನ ಅಪ್ಪ ಅಮ್ಮನಿಗೆ ಎರಡು ಸಲ ಹೇಳಿದ್ದೆನಲ್ಲ, ರಕ್ತದ ಡಾಕ್ಟರನ್ನು ನೋಡಿ ಎಂದು. ಹೆಮಟಾಲಜಿಸ್ಟ್. ನೀವು ಗಡ್ಡೆಗಳ ಡಾಕ್ಟರ ಹತ್ತಿರ ಯಾಕೆ ಹೋದಿರಿ?" ಎಂದರಂತೆ. ರಕ್ತದ ಕಾಯಿಲೆಗೇ ಬೇರೆ ಡಾಕ್ಟರುಗಳಿರುತ್ತಾರೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ ನೋಡು.

ಮನೆಗೆ ಬಂದವಳೇ ಬಾಗಿಲ ಹಿಂದಿನ ಚೀಲ ತೆಗೆದು ತನ್ನ ಕೋಣೆಯಲ್ಲಿಟ್ಟುಕೊಂಡಳು. "ಒಂದು ವಾರ ಕೊಡು ಅಮ್ಮಾ. ಜಸ್ಟ್ ಒಂದು ವಾರ" ಎಂದಳು. ಇವರು, "ಎಂತ ಮಾರಾಯ್ತಿ, ಇದು ಆಟವಾ? ಡಾಕ್ಟ್ರು ಹೇಳಿದ್ದಾರೆ, ಹಾಸಿಗೆ ಸಿಕ್ಕಿದೆ" ಎಂದು ಕೂಗಾಡಿದರು. ಇಷ್ಟು ವರ್ಷದಲ್ಲಿ ಅವರು ಮಗಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು.

ನಾನು ಒಂದು ವಾರ ಕಾಯೋಣ ಎಂದೆ. ಮಗಳು ಹೇಳಿದ್ದು ಸರಿ ಎಂದು ತಿಳಿದು ಹೇಳಿದ್ದಲ್ಲ. ಸೋಮವಾರ ಹೋಗುವುದು ತಪ್ಪಿತಲ್ಲ, ಅಷ್ಟೇ ಸಾಕಾಗಿತ್ತು ನನಗೆ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ಈಗ ದೀಕ್ಷಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಊರಿನ ಆಸ್ಪತ್ರೆಗಳಿಗೆಲ್ಲ ಫೋನು ಮಾಡುತ್ತಾಳೆ. ಎಲ್ಲರಿಗೂ ಅವಳದು ಒಂದೇ ಪ್ರಶ್ನೆ, ಈ ಹೆಸರಿನ ಕಾಯಿಲೆಯವರನ್ನು ನಿಮ್ಮ ಡಾಕ್ಟರು ಎಷ್ಟು ಮಂದಿ ನೋಡುತ್ತಾರೆ ಎಂದು. ಕೆಲವರು ಫೋನಿಟ್ಟುಬಿಡುತ್ತಾರೆ. ಕೆಲವರು ಎಲ್ಲ ಕಾಯಿಲೆಗೂ ನೋಡುತ್ತಾರೆ ಎನ್ನುತ್ತಾರೆ. ನಿನ್ನೆ ಒಂದು ಕಡೆಯ ಹೆಂಗಸು ನಕ್ಕು, "ಶುಕ್ರವಾರ ಬಂದು ನೋಡಿ, ನಮ್ಮ ಮೇಡಮ್ಮಿಗೆ ಅವತ್ತು ಬರೀ ಆ ಕಾಯಿಲೆಯವರೇ" ಎಂದಳಂತೆ. ಡಾ. ಸುಪರ್ಣಾ ಲಾಹಿರಿ ಎಂದು ಹೆಸರು. ಮುಂದಿನ ಶುಕ್ರವಾರ, ಆರನೇ ತಾರೀಖು, ಬರಹೇಳಿದ್ದಾರೆ.

ಅಲ್ಲಿವರೆಗೆ ಈ ರಕ್ತ ಏನೇನು ಮಾಡುತ್ತದೋ. ರಾತ್ರಿ ಮಲಗಿದರೆ ಮೈಯೊಳಗೆ ಅದು ಹರಿಯುವುದು ಕೇಳಿಸಿದಂತಾಗುತ್ತದೆ.

ಮುಕ್ತಾ

*

ಬ್ರಹ್ಮಾವರ
5 ಅಕ್ಟೋಬರ್ 2023

ಮುಕ್ತಾ,

ನಿನಗೆ ಬುದ್ಧಿ ಇದೆಯೇ? ಮಗಳು ಹುಡುಗಿ, ಅವಳಿಗೇನು ಗೊತ್ತು? ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಓದು.

ನಮ್ಮವರಿಗೆ ನವರಾತ್ರಿಯಲ್ಲಿ ಜ್ವರ ಬಂತು. ಇಲ್ಲಿಯ ಡಾಕ್ಟರು ಟೈಫಾಯಿಡ್ ಎಂದು ಮಾತ್ರೆ ಕೊಟ್ಟರು. ಬಿಡಲಿಲ್ಲ. ಕಾಮಾಲೆ ಎಂದು ಇನ್ನೊಬ್ಬರು ಸೊಪ್ಪಿನ ರಸ ಕುಡಿಸಿದರು. ಆಮೇಲೆ ಒಸಡಿನಲ್ಲಿ ರಕ್ತ. ದಿಂಬೆಲ್ಲ ಕೆಂಪು. ಮಣಿಪಾಲಕ್ಕೆ ಕರೆದೊಯ್ದಾಗ ಅಲ್ಲಿಯವರು ಒಂದೇ ಮಾತು ಕೇಳಿದರು, ಇಷ್ಟು ದಿನ ಎಲ್ಲಿದ್ದಿರಿ ಎಂದು. ದೀಪಾವಳಿಗೆ ಅವರಿರಲಿಲ್ಲ.

ನಿದ್ದೆಯಲ್ಲಿ ಹೋಗಲಿಲ್ಲ. ಪೂರ್ತಿ ಎಚ್ಚರವಿತ್ತು. ಮೂಗಿನಿಂದ, ಬಾಯಿಂದ ರಕ್ತ ನಿಲ್ಲಲಿಲ್ಲ. ನನ್ನ ಕೈ ಹಿಡಿದುಕೊಂಡು, "ಅಹಲ್ಯಾ, ನಂಗೆ ಹೆದ್ರಿಕೆ ಆತ್" ಎಂದರು. ಯಾವತ್ತೂ ಹೆದರಿದವರಲ್ಲ ಅವರು. ನಾನೇನು ಹೇಳಲಿ ಆಗ? ಏನೂ ಆಗುವುದಿಲ್ಲ ಎಂದೆ.

ಇದನ್ನು ಬರೆಯಬಾರದೆಂದಿದ್ದೆ. ನೀನು ಬರೆಸಿದೆ. ಈಗಲಾದರೂ ಹೋಗಿ ಸೇರು.

ಅಹಲ್ಯಾ

*

ಜಾದವ್‌ಪುರ
7 ಅಕ್ಟೋಬರ್ 2023

ಅಕ್ಕಾ,

ನಿನ್ನೆ ಲಾಹಿರಿ ಡಾಕ್ಟರನ್ನು ನೋಡಿ ಬಂದೆವು. ನನಗಿಂತ ಸಣ್ಣವರು, ಕಾಟನ್ ಸೀರೆ, ಕತ್ತರಿಸಿದ ಕೂದಲು. ರಿಪೋರ್ಟಿನ ಹಾಳೆಗಳನ್ನೆಲ್ಲ ಓದಿದರು. ಕುತ್ತಿಗೆ, ಕಂಕುಳು, ಹೊಟ್ಟೆ ಒತ್ತಿ ನೋಡಿದರು. ಜ್ವರ ಬರುತ್ತದೆಯೇ, ರಾತ್ರಿ ಬೆವರುತ್ತೀರಾ, ತೂಕ ಇಳಿದಿದೆಯೇ ಎಂದೆಲ್ಲ ಕೇಳಿದರು.

ಕೊನೆಗೆ ಹೇಳಿದರು, ಈಗ ಏನೂ ಮಾಡುವುದು ಬೇಡ ಎಂದು. ಔಷಧಿ ಇಲ್ಲ. ಮಾತ್ರೆ ಇಲ್ಲ. ಮನೆಗೆ ಹೋಗಿ ದುರ್ಗಾ ಪೂಜೋ ನೋಡಿ, ಜನವರಿಯಲ್ಲಿ ಬನ್ನಿ ಎಂದರು. ದೀಕ್ಷಾ ಖುಷಿಯಿಂದ ಅತ್ತಳು. ಇವರು ಡಾಕ್ಟರಿಗೆ ಕೈಮುಗಿದರು. ನಾನು ನಕ್ಕೆ.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ರಕ್ತ ಕೆಟ್ಟಿದೆ ಎಂದು ಗೊತ್ತಿದ್ದೂ ಏನೂ ಬೇಡ ಎನ್ನುವ ಡಾಕ್ಟರು ಎಲ್ಲಾದರೂ ಇರುತ್ತಾರೆಯೇ?

ಇಷ್ಟೇ ಬರೆಯಲು ಆಗುತ್ತಿದೆ.

ಮುಕ್ತಾ

*

ಜಾದವ್‌ಪುರ
13 ಅಕ್ಟೋಬರ್ 2023

ಅಕ್ಕಾ,

ಐದನೇ ತಾರೀಖಿನ ನಿನ್ನ ಕಾಗದ ಬಂತು. ಗಲ್ಲಾದಲ್ಲಿ ಕೂತು ಓದಿದೆ. ಇವರಿಗೆ ತೋರಿಸಿಲ್ಲ.

ಅಷ್ಟು ವರ್ಷ ಇದನ್ನು ಒಬ್ಬಳೇ ಹೇಗೆ ಇಟ್ಟುಕೊಂಡಿದ್ದೆ?

ನನಗೆ ಒಸಡು ನೋಡಿಕೊಳ್ಳುವುದೇ ಕೆಲಸವಾಗಿದೆ. ಇಂದು ಹಲ್ಲುಜ್ಜಲಿಲ್ಲ.

ಮು.

*

ಬ್ರಹ್ಮಾವರ
15 ಅಕ್ಟೋಬರ್ 2023

ಮುಕ್ತಾ,

ಏಳನೇ ತಾರೀಖಿನ ಕಾಗದ ನೋಡಿದೆ. ಏನೂ ಮಾಡುವುದು ಬೇಡ ಎಂದರಂತೆ. ಮಣಿಪಾಲದಲ್ಲೂ ಕೊನೆಯ ವಾರ ಹಾಗೇ ಅಂದಿದ್ದರು. ನನಗೆ ಅರ್ಥವಾಯಿತು.

ನಾನು ಹೊರಟಿದ್ದೇನೆ. ಪವನ ಮಂಗಳೂರಿನಿಂದ ಚೆನ್ನೈವರೆಗೆ ಜೊತೆಗೆ ಬಂದು ಹೌರಾ ಗಾಡಿ ಹತ್ತಿಸುತ್ತಾನೆ. ಈ ಕಾಗದ ಮೊದಲು ತಲುಪುತ್ತದೋ ನಾನೋ ಗೊತ್ತಿಲ್ಲ. ಮುರಾರಿಯವರು ಸ್ಟೇಷನ್ನಿಗೆ ಬರಲಿ. ಕೂಗಿದರೆ ಕೇಳಿಸುವುದಿಲ್ಲ, ಎದುರಿಗೇ ಬಂದು ನಿಲ್ಲಲಿ.

ಅಹಲ್ಯಾ

*

ಬ್ರಹ್ಮಾವರ
21 ಜನವರಿ 2024

ಪ್ರೀತಿಯ ಮುಕ್ತಾ,

ಸುಖವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಪುಳಿಯೋಗರೆ ಚೆನ್ನೈ ದಾಟುವವರೆಗೂ ಬಂತು. ಅಲ್ಲಿಯ ಈಚಲ ಬೆಲ್ಲ, ನೊಲೆನ್ ಗುಡ್, ತಂದದ್ದನ್ನು ಐಶ್ವರ್ಯಾ ಜೋನಿಬೆಲ್ಲ ಎಂದೇ ತಿಳಿದು ದೋಸೆಗೆ ಹಾಕಿಕೊಂಡಳು.

ಮೂರು ತಿಂಗಳು ನಿನ್ನ ಮನೆಯಲ್ಲಿದ್ದೂ ಬಾಯಿಬಿಟ್ಟು ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಜನವರಿ ಐದರಂದು ಡಾಕ್ಟರ ಕೋಣೆಯಿಂದ ನಿನ್ನನ್ನು ರಕ್ತ ತೆಗೆಯಲು ಕರೆದೊಯ್ದರಲ್ಲ, ಮುರಾರಿಯವರೂ ನಿನ್ನ ಹಿಂದೆ ಬಂದರು. ನಾನು ಏಳಲಿಲ್ಲ. ಕಾಲು ನೋವು ಎಂದೆ. ನೋವೇನೂ ಇರಲಿಲ್ಲ. ದೀಕ್ಷಾಳನ್ನು ಕೂರಿಸಿಕೊಂಡು, ನನ್ನ ಗಂಡನ ಕಥೆಯನ್ನೆಲ್ಲ ಡಾಕ್ಟರಿಗೆ ಹೇಳಿಸಿದೆ. ಒಸಡು, ದಿಂಬು, ಎಲ್ಲ. ಆ ಹುಡುಗಿಗೂ ಅದು ಹೊಸತು. ನನ್ನ ತಂಗಿಗೆ ಯಾವಾಗ ಹೀಗಾಗುತ್ತದೆ ಎಂದು ಕೇಳು ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ತುಂಬ ಹೊತ್ತು ಮಾತಾಡಿದರು. ದೀಕ್ಷಾ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. ಅವಳ ಕನ್ನಡ ನಿನಗೆ ಗೊತ್ತಲ್ಲ. "ದೊಡ್ಡಮ್ಮಾ, ದೊಡ್ಡಪ್ಪಂದು ಬಹಳ ಫಾಸ್ಟ್ ಇತ್ತು. ಅಮ್ಮಂದು ಸ್ಲೋ. ಎರಡೂ ಬ್ಲಡ್‌ದೇ, ಆದ್ರೆ ಸೇಮ್ ಅಲ್ಲ. ಕ್ರಾನಿಕ್ ಅಂದ್ರೆ ಜಾಸ್ತಿ ಅಂತ ಅಲ್ಲ, ನಿಧಾನ ಅಂತ. ಈಗ ಮೆಡಿಸಿನ್ ಕೊಟ್ರೆ ಅಮ್ಮನಿಗೆ ಲಾಭ ಇಲ್ಲ, ಬರೀ ಕಷ್ಟ. ಬೇಕಾದಾಗ ಕೊಡ್ತಾರೆ. ಅಮ್ಮನನ್ನ ಬಿಟ್ಟುಬಿಟ್ಟಿಲ್ಲ ದೊಡ್ಡಮ್ಮಾ, ನೋಡ್ತಾ ಇದ್ದಾರೆ."

ನಾನು ಇನ್ನೊಂದು ಕೇಳಿಸಿದೆ. ಮುಂದೆ ಯಾವತ್ತಾದರೂ ಇದು ಕೆಟ್ಟದ್ದಾಗಿ ತಿರುಗುತ್ತದೆಯೇ ಎಂದು. ಕೆಲವೇ ಕೆಲವರಿಗೆ ತಿರುಗುವುದುಂಟು, ನಿಮ್ಮ ತಂಗಿಗೆ ಆಗುವುದಿಲ್ಲ ಎಂದು ನಾನು ಮಾತು ಕೊಡಲಾರೆ ಎಂದರು. ಅದನ್ನು ಕೇಳಿದ ಮೇಲೆಯೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು. ಏನೂ ಆಗುವುದಿಲ್ಲ ಎಂದು ಹೇಳುವುದು ಎಷ್ಟು ಸುಲಭ ಎಂದು ನನಗೆ ಗೊತ್ತು.

ಈ ಕೊನೆಯ ಮಾತನ್ನು ನಿನಗೆ ಹೇಳಬೇಡ ಎಂದು ದೀಕ್ಷಾಳಿಗೆ ಆಣೆ ಹಾಕಿಸಿದ್ದೆ. ರೈಲಿನಲ್ಲಿ ಕೂತು ಯೋಚಿಸಿದೆ. ಇನ್ನು ಮುಂದೆ ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ನೀನೂ ಮುಚ್ಚಿಡಬೇಡ.

ಅಕ್ಕ

*

ಜಾದವ್‌ಪುರ
12 ಜುಲೈ 2025

ಅಕ್ಕಾ,

ಒಂದೂವರೆ ವರ್ಷದಿಂದ ನಿನಗೆ ಬರೆದದ್ದೆಲ್ಲ ಅಡಿಗೆ, ಹಬ್ಬ, ದೀಕ್ಷಾಳಿಗೆ ಬಂದ ಸಂಬಂಧಗಳು. ಮೂರು ತಿಂಗಳಿಗೊಮ್ಮೆ ಹೋಗಿ ರಕ್ತ ಕೊಟ್ಟು, ಏನೂ ಬೇಡ ಎನಿಸಿಕೊಂಡು ಬರುತ್ತಿದ್ದೆ. ಆ ಮಾತು ಕೇಳಿ ಕೇಳಿ ಅಭ್ಯಾಸವಾಗಿತ್ತು. ಹಿಂದಿನ ದಿನ ಮಾತ್ರ ಊಟ ಸೇರುತ್ತಿರಲಿಲ್ಲ.

ಮುಚ್ಚಿಡಬೇಡ ಎಂದು ನೀನು ಬರೆದಿದ್ದೆ. ಆದರೂ ಎರಡು ತಿಂಗಳು ಮುಚ್ಚಿಟ್ಟೆ. ಏಪ್ರಿಲ್ ಕಳೆದ ಮೇಲೆ ಕುತ್ತಿಗೆಯ ಎರಡೂ ಕಡೆ ಗಂಟು ಬಂದಿತ್ತು. ಬಲಗಡೆಯದು ನೆಲ್ಲಿಕಾಯಿಯಷ್ಟು. ಸೆರಗು ಹೊದ್ದು ಗಲ್ಲಾದಲ್ಲಿ ಕೂರುತ್ತಿದ್ದೆ. ಮಹಡಿ ಹತ್ತಿದರೆ ಏದುಸಿರು. ನಿನ್ನೆ ಡಾಕ್ಟರು ಮುಟ್ಟಿ ನೋಡಿದರು. ರಕ್ತದ ರಿಪೋರ್ಟು ನೋಡಿದರು. ಹಿಮೋಗ್ಲೋಬಿನ್ ಇಳಿದಿದೆ. "ಮುಕ್ತಾ ದೀದಿ, ಈಗ ಶುರು ಮಾಡೋಣ" ಎಂದರು.

ಅಂದು ಔಷಧಿ ಕೊಡುವುದಿಲ್ಲ ಎಂದಾಗ ಹೆದರಿದವಳು ನಾನೇ. ನಿನ್ನೆ ಕೊಡುತ್ತೇನೆ ಎಂದಾಗಲೂ ಹೆದರಿದೆ. ಕೀಮೋ ಅಲ್ಲವಂತೆ, ದಿನಕ್ಕೆ ಎರಡು ಸಲ ಮಾತ್ರೆ, ಮನೆಯಲ್ಲೇ. ಒಂದು ವಿಷಯ ಮೂರು ಸಲ ಹೇಳಿದರು. ಮಾತ್ರೆ ಶುರುವಾದ ಮೇಲೆ ಗಂಟಿನೊಳಗಿನ ಕಣಗಳು ರಕ್ತಕ್ಕೆ ಇಳಿಯುತ್ತವೆ, ಹಾಗಾಗಿ ಮೊದಮೊದಲು ಲೆಕ್ಕ ಏರುತ್ತದೆ, ಅದನ್ನು ಕಂಡು ಹೆದರಿ ಮಾತ್ರೆ ನಿಲ್ಲಿಸಬೇಡಿ ಎಂದು. ಇವರು ತಲೆಯಾಡಿಸಿದರು. ಕೇಳಿಸಿಕೊಂಡರೋ ಇಲ್ಲವೋ. ಈ ಸಲ ನಾನು ಕೇಳಿಸಿಕೊಂಡೆ.

ನಿನಗೆ ಈಗ ಸೊಂಟ ನೋವು ಎಂದು ಐಶ್ವರ್ಯಾ ದೀಕ್ಷಾಳಿಗೆ ಹೇಳಿದ್ದಾಳೆ. ನೀನು ನನಗೆ ಬರೆದಿಲ್ಲ. ಬರುತ್ತೇನೆ ಎಂದು ಹೊರಡಬೇಡ.

ಮುಕ್ತಾ

*

ಬ್ರಹ್ಮಾವರ
20 ಜುಲೈ 2025

ಮುಕ್ತಾ,

ಸೊಂಟ ನೋವು ಹೌದು. ಬೆಲ್ಟ್ ಹಾಕಿ ಮಲಗಿದ್ದೇನೆ. ಬರಲಾಗುವುದಿಲ್ಲ. ಬರೆದುಬಿಟ್ಟೆ, ಸರಿಯಾ?

ನೆಲ್ಲಿಕಾಯಿಯಷ್ಟು ಎಂದು ಓದಿದಾಗಿನಿಂದ ನನ್ನ ಕೈ ನನ್ನದೇ ಕುತ್ತಿಗೆಗೆ ಹೋಗುತ್ತದೆ. ನನಗೆ ಧೈರ್ಯವಿಲ್ಲ, ಧೈರ್ಯ ಹೇಳಲೂ ಬರುವುದಿಲ್ಲ. ಮಾತ್ರೆ ತಪ್ಪಿಸಬೇಡ. ಆದದ್ದನ್ನು ಆದ ಹಾಗೆ ಬರೆ. ಒಳ್ಳೆಯದಾದರೂ ಬರೆ, ಕೆಟ್ಟದ್ದಾದರೂ ಬರೆ.

ಅಕ್ಕ

*

ಜಾದವ್‌ಪುರ
30 ಆಗಸ್ಟ್ 2025

ಅಕ್ಕಾ,

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊದಲ ಮಾತ್ರೆಯನ್ನು ಬೆಳಿಗ್ಗೆ ಕಾಫಿಯ ಮುಂಚೆ ನುಂಗಿದೆ. ಇವರು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು, ನಾನು ಅಲ್ಲೇ ಬಿದ್ದುಹೋಗುತ್ತೇನೇನೋ ಎಂಬಂತೆ. ಏನೂ ಆಗಲಿಲ್ಲ. ಒಂದು ವಾರ ತಲೆನೋವು ಬಂತು. ಕೈಯಲ್ಲಿ ಅಲ್ಲಲ್ಲಿ ನೀಲಿ ಕಲೆ. ಕಲೆ ಕಂಡ ದಿನ ಭಾವನ ನೆನಪಾಗಿ ಊಟ ಬಿಟ್ಟೆ. ದೀಕ್ಷಾ ಆಸ್ಪತ್ರೆಗೆ ಫೋನು ಮಾಡಿದಳು. ಈ ಮಾತ್ರೆಗೆ ಹಾಗಾಗುತ್ತದೆ, ರಕ್ತ ಸೋರಿದರೆ ಮಾತ್ರ ಕೂಡಲೇ ಬನ್ನಿ ಎಂದರು. ಸೋರಲಿಲ್ಲ.

ಹೋದ ವಾರ ರಕ್ತ ಪರೀಕ್ಷೆ. ರಿಪೋರ್ಟು ಇವರ ಮೊಬೈಲಿಗೆ ಬಂತು. ಒಂದು ಲಕ್ಷ ನಲವತ್ತು ಸಾವಿರ. ಮೊದಲಿನದಕ್ಕಿಂತ ಎಷ್ಟೋ ಮೇಲೆ. ಇವರು ದೋಸೆಕಲ್ಲಿನ ಮುಂದಿನಿಂದ ಹಾಗೇ ಎದ್ದು ಮಹಡಿಗೆ ಬಂದರು, ಕೈಯಲ್ಲಿ ಹಿಟ್ಟು. "ಮುಕ್ತಾ, ಇದು ಕೆಟ್ಟೋಯ್ತು. ಮಾತ್ರೆ ಬೇಡ, ನಿಲ್ಸು. ನಿಲ್ಸು ಅಂತ ಹೇಳ್ತಾ ಇದ್ದೇನೆ" ಎಂದು ಡಬ್ಬಿಗೆ ಕೈ ಹಾಕಿದರು. ಆದರೆ ಡಬ್ಬಿಯನ್ನು ನಾನು ಕೊಡಲಿಲ್ಲ. ಏರುತ್ತದೆ ಎಂದು ಡಾಕ್ಟರು ಹೇಳಿದ್ದರು, ನೀವೂ ಅಲ್ಲೇ ಇದ್ದಿರಿ ಎಂದೆ. ಇವರಿಗೆ ನೆನಪೇ ಇಲ್ಲ. ಕೂರಿಸಿ, ನೀರು ಕೊಟ್ಟು, ಮೊದಲಿನಿಂದ ಹೇಳಿದೆ. ಮಾತು ಒಂದೂ ತಪ್ಪಲಿಲ್ಲ. ಸಂಜೆ ಡಾಕ್ಟರೇ ದೀಕ್ಷಾಳ ಫೋನಿಗೆ ಮಾತಾಡಿ, ಸರಿಯಾಗೇ ಇದೆ, ಮುಂದುವರಿಸಿ ಎಂದರು.

ಹೆದರಿಕೆ ಹೋಗಿಲ್ಲ ಅಕ್ಕಾ. ಮುಂದಿನ ಪರೀಕ್ಷೆಗೂ ಇರುತ್ತದೆ, ಅದರ ಮುಂದಿನದಕ್ಕೂ.

ಇಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವಾಗ ಕೈ ಕುತ್ತಿಗೆಗೆ ಹೋಯಿತು. ಬಲಗಡೆಯ ಗಂಟು ಸಿಗಲಿಲ್ಲ. ಸರಿಯಾದ ಜಾಗ ಮರೆತೆನೇನೋ ಎಂದು ಮೇಲೆ ಕೆಳಗೆ ಹುಡುಕಿದೆ. ಎಡಗಡೆ ನೋಡಿದೆ. ಅಲ್ಲಿ ಒಂದು ಕಡಲೆಕಾಳಿನಷ್ಟು ಇದೆ, ಅಷ್ಟೇ. ನನ್ನ ಬೆರಳಿನ ಮೇಲೇ ನನಗೆ ನಂಬಿಕೆ ಬರಲಿಲ್ಲ. ಒದ್ದೆ ತಲೆಯಲ್ಲೇ ಹೊರಗೆ ಬಂದು ಇವರನ್ನು ಕರೆದೆ. ನೀವು ನೋಡಿ ಎಂದೆ.

ಇವರು ಕೈಯೊರೆಸಿಕೊಂಡು ಬಂದರು. ಎರಡು ಬೆರಳಿಟ್ಟು ಹುಡುಕಿದರು. ಕಿವಿಯ ಹಿಂದೆ, ದವಡೆಯ ಕೆಳಗೆ, ಮತ್ತೆ ಕಿವಿಯ ಹಿಂದೆ. ಕೆಳಗಿನಿಂದ ಯಾರೋ "ದಾದಾ, ಮಸಾಲಾ ದೋಸಾ" ಎಂದು ಕೂಗಿದರು. ಹೋಗಿ, ಗಿರಾಕಿ ಕಾಯುತ್ತಿದ್ದಾರೆ ಎಂದೆ. ಇವರು ಹೋಗಲಿಲ್ಲ. ನನ್ನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.

ನಿನ್ನ
ಮುಕ್ತಾ